ಕೊಟ್ಟಿಗೆಯ ಕರೆಂಟು: ಟೆಸ್ಟರ್ ಹತ್ತಲಿಲ್ಲ ಎಂದು ಸುಮ್ಮನಿರಬೇಡಿ

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯನಾದವನು ಮೇವು, ಲಸಿಕೆಯ ಮಾತು ಬಿಟ್ಟು ಕರೆಂಟಿನ ಮಾತು ಎತ್ತಿದ್ದು ತಮಗೆ ವಿಚಿತ್ರವಾಗಿ ಕಾಣಬಹುದು. ಇದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಎರಡನೇ ಸೂಲಿನ ಮಿಶ್ರತಳಿ ಹಸು. ಬೆಳಿಗ್ಗೆ ಕರೆಯುವಾಗ ಒದೆಯುತ್ತದೆ, ತೊರೆ ಬಿಡುವುದಿಲ್ಲ, ತೊಟ್ಟಿಯ ನೀರಿಗೆ ಮೂತಿ ಇಟ್ಟು ತಟ್ಟನೆ ಹಿಂದಕ್ಕೆ ಸರಿಯುತ್ತದೆ. ಸಂಜೆ ಅದೇ ಹಸು ಸಾಧು. ಕೆಚ್ಚಲು ಬಾವು ಇರಲಿಲ್ಲ. ಬಾಯಿ, ಗೊರಸು ಚೆನ್ನಾಗಿದ್ದವು. ಖನಿಜ ಮಿಶ್ರಣ ಬರೆದುಕೊಟ್ಟೆ. ಹೊರಡುವಾಗ ಮನೆಯ ತಾಯಿ, "ಪೈಪು ಮುಟ್ಟಿದ್ರೆ ಕೈ ಜುಮ್ ಅಂತದೆ ಸಾರ್" ಎಂದರು. ಮಗ "ಟೆಸ್ಟರ್ ಹಾಕಿ ನೋಡಿದೀನಿ, ಹತ್ತಲ್ಲ" ಎಂದ. ನಾನೂ ತಲೆಯಾಡಿಸಿ ಬಂದೆ. ಹತ್ತು ದಿನದ ಮೇಲೆ ಮಳೆ ಬಿದ್ದ ಬೆಳಿಗ್ಗೆ ಹಸು ತೊಟ್ಟಿಯ ಪಕ್ಕದಲ್ಲಿ ಸತ್ತಿತ್ತು. ಬೆಳಿಗ್ಗೆ ಮಾತ್ರ ಓಡಿಸುತ್ತಿದ್ದ ಮೇವು ಕತ್ತರಿಸುವ ಯಂತ್ರದ ವೈರನ್ನು ಇಲಿ ಕಡಿದಿತ್ತು, ಅದು ಕಬ್ಬಿಣದ ಕಂಬಕ್ಕೆ ತಾಗುತ್ತಿತ್ತು, ಕಂಬಕ್ಕೆ ನೀರಿನ ಪೈಪು ಕಟ್ಟಿತ್ತು. ಅರ್ಥ್ ತಂತಿ ಇರಲೇ ಇಲ್ಲ. ಆ ತಾಯಿ ದಿನಾ ಬರಿಗಾಲಲ್ಲಿ ಅಲ್ಲೇ ಕೂತು ಹಾಲು ಕರೆಯುತ್ತಿದ್ದರು.

ಟೆಸ್ಟರ್ ಏಕೆ ಹತ್ತಲಿಲ್ಲ? ಅದರೊಳಗಿನ ನಿಯಾನ್ ದೀಪ ಸುಮಾರು 60 ವೋಲ್ಟಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಹೊತ್ತಿಕೊಳ್ಳುವುದೇ ಇಲ್ಲ. ಹಿಡಿದವನು ರಬ್ಬರ್ ಚಪ್ಪಲಿಯಲ್ಲಿದ್ದರೆ, ಒಣ ಹಲಗೆಯ ಮೇಲಿದ್ದರೆ, ಬಿಸಿಲಲ್ಲಿದ್ದರೆ ಇನ್ನೂ ಕಷ್ಟ. ಹಸುವಿನ ಲೆಕ್ಕವೇ ಬೇರೆ. ನಾಲ್ಕು ಕಾಲೂ ಗಂಜಳದ ನೆಲದ ಮೇಲೆ, ಒದ್ದೆ ಮೂತಿ ತೊಟ್ಟಿಯಲ್ಲಿ. ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ದೂರ, ನಡುವೆ ಹೃದಯ. ಅದರ ಮೈಯ ತಡೆ ಸುಮಾರು 500 ಓಮ್ ಎಂದು ಲೆಕ್ಕ ಹಿಡಿಯುತ್ತಾರೆ, ನಮ್ಮದಕ್ಕಿಂತ ಕಡಿಮೆ. ಎರಡು ಮೂರು ವೋಲ್ಟಿಗೇ ಬೆಚ್ಚುವ ಹಸುಗಳಿವೆ. ನಮಗೆ ಜುಮ್ ಎನ್ನುವ ಮೊದಲೇ ಅದಕ್ಕೆ ಗೊತ್ತಾಗಿರುತ್ತದೆ.

ಆದ್ದರಿಂದ ಒದೆಯುವ ಹಸುವನ್ನು ಬಡಿಯುವ ಮೊದಲು ಮೀಟರ್ ಹಿಡಿಸಿ. ವೈರ್‌ಮನ್ ಕರೆದು, ಮೀಟರಿನ ಒಂದು ತುದಿಯನ್ನು ತೊಟ್ಟಿಗೆ ಅಥವಾ ಕಬ್ಬಿಣಕ್ಕೆ, ಇನ್ನೊಂದನ್ನು ಹಸು ನಿಲ್ಲುವ ಒದ್ದೆ ನೆಲಕ್ಕೆ ಒತ್ತಿಸಿ ಎ.ಸಿ. ವೋಲ್ಟ್ ನೋಡಲು ಹೇಳಿ. ಮೋಟಾರು ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ಡಿಜಿಟಲ್ ಮೀಟರು ಕೆಲವೊಮ್ಮೆ ಸುಳ್ಳು ವೋಲ್ಟ್ ತೋರಿಸುತ್ತದೆ. ಎರಡು ತುದಿಗಳ ನಡುವೆ 500 ಓಮಿನ ರೆಸಿಸ್ಟರ್ ಸೇರಿಸಿದರೆ ಹಸುವಿಗೆ ತಾಗುವ ಲೆಕ್ಕ ಸಿಗುತ್ತದೆ. ಮೋಟಾರಿನ ಇನ್ಸುಲೇಷನ್ನನ್ನು ಮೆಗ್ಗರಿನಿಂದ ನೋಡಬೇಕು, 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಆ ಮೋಟಾರು ಕೊಟ್ಟಿಗೆಗೆ ಬೇಡ.

ಫ್ಯೂಸ್ ಇದೆಯಲ್ಲ ಎನ್ನುತ್ತೀರಿ. ಫ್ಯೂಸ್ ಕಾಯುವುದು ವೈರನ್ನು, ಜೀವವನ್ನಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಜೊತೆಗೆ ಅರ್ಥಿಂಗ್ ಗುಂಡಿ ಬೇಕೇ ಬೇಕು. ಗುಂಡ್ಲುಪೇಟೆ ಕಡೆಯ ಮಳೆ ಕಡಿಮೆಯ ನೆಲ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಒಳ್ಳೆಯ ಅರ್ಥಿಂಗೂ ಕೆಡುತ್ತದೆ, ವಾರಕ್ಕೆರಡು ಕೊಡ ನೀರು ಹೊಯ್ಯಿರಿ. ಅರ್ಥ್ ಇಲ್ಲವೆಂದು ನ್ಯೂಟ್ರಲ್ ತಂತಿಯನ್ನೇ ಯಂತ್ರದ ಮೈಗೆ ಕಟ್ಟುವವರಿದ್ದಾರೆ. ನ್ಯೂಟ್ರಲ್ ಹರಿದ ದಿನ ಯಂತ್ರದ ಮೈಗೆಲ್ಲ ಕರೆಂಟು ಬರುತ್ತದೆ.

ಹಸು ಕರೆಂಟಿಗೆ ಬಿದ್ದರೆ ಮುಟ್ಟಬೇಡಿ, ಮೊದಲು ಮೈನ್ ಇಳಿಸಿ. ತಂತಿ ಕಂಬದಿಂದ ಹರಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ. ವಿಮೆ ಇದ್ದರೆ ಮರಣೋತ್ತರ ಪರೀಕ್ಷೆಗೆ ಮೊದಲು ಹೂಳಬೇಡಿ, ಕಿವಿಯ ಓಲೆ ಬಿಚ್ಚಬೇಡಿ.

ಸಭೆಯಲ್ಲಿ ಬೇಗೂರು ಕಡೆಯ ಸದಸ್ಯರೊಬ್ಬರು ಕೇಳಿದರು: "ನಮ್ಮ ಹುಡುಗ ನೋಡಿ ನೋಡಿ ವೈರಿಂಗ್ ಕಲಿತವ್ನೆ. ಅವನ ಕೈಲೇ ಮಾಡಿಸಬಹುದಾ?" ಕಲಿತದ್ದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಆಮೇಲೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಪಡೆಯಬೇಕು. ಊರೂರಲ್ಲೂ ಮೋಟಾರು, ಹಾಲು ಕರೆಯುವ ಯಂತ್ರ ಇರುವಾಗ ಈ ಕೆಲಸಕ್ಕೆ ಬರವಿಲ್ಲ, ಕಳಿಸಿ. ಅಲ್ಲಿಯವರೆಗೆ ಅವನಿಗೆ ಇದೊಂದು ಅಭ್ಯಾಸ ಮಾಡಿಸಿ: ಮೈನ್ ಇಳಿಸಿ, ಮೊದಲು ಕರೆಂಟಿದೆಯೆಂದು ಖಾತ್ರಿಯಿರುವ ಇನ್ನೊಂದು ಜಾಗದಲ್ಲಿ ಮೀಟರು ನೋಡಲಿ, ನಂತರ ಕೆಲಸ ಮಾಡುವ ತಂತಿಯಲ್ಲಿ, ಮತ್ತೆ ಮೊದಲಿನ ಜಾಗದಲ್ಲಿ. ಮೂರನೆಯ ಸಲವೂ ಮೀಟರು ಸರಿಯಾಗಿ ತೋರಿಸಿದರೆ ಮಾತ್ರ ತಂತಿಗೆ ಕೈ ಹಾಕಲಿ.