ಐದು ವರ್ಷ ತುಂಬಿದ ಮೇಲೆ
(ಸಂಘದ ಮಹಿಳಾ ವಿಭಾಗದ ಆರೋಗ್ಯ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವಳು ನಾನು. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ಎದುರು ನಿಂತವರು ಕೇಳಿದ್ದಕ್ಕೆ ಉತ್ತರ ಕೊಡುವುದಷ್ಟೇ ನನಗೆ ರೂಢಿ. ಆದರೂ ನಮ್ಮ ಹಿರಿಯರು, "ನಿನ್ನ ಅನುಭವವನ್ನು ನಾಲ್ಕು ಜನರ ಮುಂದೆ ಹೇಳಮ್ಮ, ಯಾರಿಗಾದರೂ ಉಪಯೋಗವಾದೀತು" ಎಂದು ಒತ್ತಾಯಪಡಿಸಿದ್ದರಿಂದ ನಿಮ್ಮೆದುರು ನಿಂತಿದ್ದೇನೆ.

ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. 'ಆ ಕಾಯಿಲೆ' ಎಂದು ದನಿ ತಗ್ಗಿಸುತ್ತೇವೆ. ನಾನು ಹೆಸರು ಹಿಡಿದೇ ಹೇಳುತ್ತೇನೆ. 2019ರ ನವೆಂಬರಿನಲ್ಲಿ, ನನ್ನ 31ನೆಯ ವಯಸ್ಸಿನಲ್ಲಿ, ನನಗೆ ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಿಗೆ ಕೀಮೋಥೆರಪಿ, ಆಮೇಲೆ ವಿಕಿರಣ ಚಿಕಿತ್ಸೆ. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿ, ನಮ್ಮ ಲೋಕಲ್ ಗಾಡಿಗಳು ನಿಂತಿದ್ದ ದಿನಗಳಲ್ಲಿ, ಈ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಕಾರಿನಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಅವರ ಹೆಸರು ಹೇಳಿದರೆ ಅವರಿಗೇ ಸಂಕೋಚವಾದೀತು. ಆ ಋಣವನ್ನು ಇಲ್ಲಿ ನೆನೆಯದೆ ಮುಂದಕ್ಕೆ ಹೋಗಲಾರೆ.

2024ರ ನವೆಂಬರಿಗೆ ಐದು ವರ್ಷ ತುಂಬಿತು. ಅತ್ತೆಯವರು ಹೋಳಿಗೆ ಮಾಡಿದರು. ಬ್ಯಾಂಕಿನಲ್ಲಿ ಗೆಳತಿಯರು ಪೇಡೆ ಹಂಚಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಅಂತೂ ಇನ್ನು ಆಸ್ಪತ್ರೆಯ ಸಹವಾಸ ಮುಗಿಯಿತಲ್ಲವೆ?" ನಾನು ನಕ್ಕು ಸುಮ್ಮನಾದೆ. ಏಕೆಂದರೆ ಅದೇ ವಾರ ಡಾಕ್ಟರು ನನ್ನ ಬೆನ್ನು ತಟ್ಟಿ, ಸಂತೋಷಪಟ್ಟು, ಚೀಟಿಯ ಮೇಲೆ ಮುಂದಿನ ತಪಾಸಣೆಯ ತಾರೀಖನ್ನೂ ಬರೆದುಕೊಟ್ಟಿದ್ದರು.

ಹಾಗಾದರೆ ಈ ಐದು ವರ್ಷವೆಂದರೆ ಏನು? ನಾನು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಚಿಕಿತ್ಸೆಯ ಫಲವನ್ನು ಅಳೆಯಲು ವೈದ್ಯರು ಇಟ್ಟುಕೊಂಡ ಅಳತೆಗೋಲು ಅದು. ಬ್ಯಾಂಕಿನಲ್ಲಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುತ್ತೇವೆ, ಆದರೆ ಏಪ್ರಿಲ್ ತಿಂಗಳಲ್ಲಿ ಗಿರಾಕಿ ಬರುವುದು ನಿಲ್ಲುವುದಿಲ್ಲವಷ್ಟೆ. ಸ್ತನದ ಕ್ಯಾನ್ಸರಿನಲ್ಲಿಯೂ ಬಗೆಗಳಿವೆ. ಹಾರ್ಮೋನಿನ ಬಲದಿಂದ ಬೆಳೆಯದ ಕೆಲವು ಬಗೆಗಳು ಮರಳುವುದಾದರೆ ಹೆಚ್ಚಾಗಿ ಮೊದಲ ಐದು ವರ್ಷಗಳೊಳಗೇ ಮರಳುತ್ತವೆ. ನನ್ನದು ಹಾರ್ಮೋನಿನ ಬಲದಿಂದ ಬೆಳೆಯುವ ಬಗೆ. ಇದು ತಡವಾಗಿಯೂ ತಲೆ ಎತ್ತಬಹುದು. ಇಂತಹ ರೋಗವಿದ್ದು ಐದು ವರ್ಷ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ 62,923 ಮಂದಿ ಹೆಂಗಸರ ವಿವರಗಳನ್ನು ಒಟ್ಟುಗೂಡಿಸಿದ ಸಂಶೋಧನೆಯೊಂದು 2017ರಲ್ಲಿ ಪ್ರಕಟವಾಯಿತು. ಐದನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗೂ ಮರಳುವ ಸಂಭವ ಸ್ವಲ್ಪಸ್ವಲ್ಪವಾಗಿ ಉಳಿದಿರುತ್ತದೆ, ಮೊದಲಲ್ಲಿ ಗಡ್ಡೆ ಚಿಕ್ಕದಿದ್ದು ಕಂಕುಳಿನ ಗ್ರಂಥಿಗಳಿಗೆ ಹರಡಿರದಿದ್ದರೆ ಆ ಸಂಭವ ಕಡಿಮೆ ಎಂದು ಅದರಿಂದ ತಿಳಿಯಿತು. ಟಮಾಕ್ಸಿಫೆನ್ ಮಾತ್ರೆಯನ್ನು ಐದರ ಬದಲು ಹತ್ತು ವರ್ಷ ತೆಗೆದುಕೊಂಡರೆ ಹೆಚ್ಚು ರಕ್ಷಣೆಯುಂಟೆಂದು 2012ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಪ್ರಯೋಗ ತೋರಿಸಿತು. ನನ್ನ ಮಾತ್ರೆ ಇನ್ನೂ ನಡೆದಿರುವುದು ಅದಕ್ಕಾಗಿಯೇ.

ಇನ್ನು ತಪಾಸಣೆ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರಿಗೆ ಮೈ ತೋರಿಸಬೇಕು. ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, ಎಂದರೆ ಸ್ತನದ ಎಕ್ಸ್‌ರೇ. ಸಾಧಾರಣವಾಗಿ ಇಷ್ಟೇ. "ಇಷ್ಟೇನೆ? ಇಡೀ ಮೈಗೆ ಸ್ಕ್ಯಾನ್ ಮಾಡಿಸಿಬಿಡಬಾರದೆ?" ಎಂದು ನನ್ನ ಭಾವನವರು ಕೇಳಿದರು. ನಾನೂ ಡಾಕ್ಟರನ್ನು ಹಾಗೆಯೇ ಕೇಳಿದ್ದೆ. ಇಟಲಿ ದೇಶದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಯಾವ ತೊಂದರೆಯೂ ಕಾಣದವರಿಗೆ ಎಲುಬಿನ ಸ್ಕ್ಯಾನ್, ಎದೆಯ ಎಕ್ಸ್‌ರೇ ಮೊದಲಾದುವನ್ನು ಕ್ರಮವಾಗಿ ಮಾಡಿಸುತ್ತ ಹೋದರೂ ಆಯುಷ್ಯ ಹೆಚ್ಚಲಿಲ್ಲವೆಂದು 1994ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಕಂಡುಬಂತು. ಆದಕಾರಣ ಹಣ ಸುರಿದು ಭಯವನ್ನು ಕೊಂಡು ತರುವುದು ಬೇಡ. ಹಾಗೆಂದು ಉದಾಸೀನವೂ ಸಲ್ಲದು. ಹೊಸ ಗಂಟು, ಬಿಡದೆ ಕಾಡುವ ಎಲುಬಿನ ನೋವು, ಏದುಸಿರು, ಕಾರಣವಿಲ್ಲದೆ ಇಳಿಯುವ ತೂಕ, ನಿಲ್ಲದ ತಲೆನೋವು, ನನ್ನಂತೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಕಾಲದ ರಕ್ತಸ್ರಾವ ಅಥವಾ ಒಂದು ಕಾಲು ಮಾತ್ರ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಗೊತ್ತಾದ ತಾರೀಖಿಗಾಗಿ ಕಾಯದೆ ಹೋಗಬೇಕು.

ಇದೆಲ್ಲ ತಿಳಿದವಳು ನಾನು ಮಾಡಿದ್ದೇನು ಗೊತ್ತೆ? ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಹೇಳುವುದಕ್ಕಾಗಿಯೇ ಬಂದಿದ್ದೇನೆ.

2023ರ ನವೆಂಬರಿನಲ್ಲಿ ಅರ್ಧ ದಿನ ರಜೆ ಹಾಕಿ, ಫೈಲು ಹಿಡಿದು ಆಸ್ಪತ್ರೆಯ ಬಾಗಿಲವರೆಗೆ ಹೋದೆ. ಅದಕ್ಕೆ ಮುಂಚೆ ಹತ್ತು ರಾತ್ರಿ ನಿದ್ದೆಯಿಲ್ಲ. ಮಗಳ ಜಡೆ ಹೆಣೆಯುವಾಗ, "ಇವಳ ಜಡೆಯನ್ನು ಇನ್ನೆಷ್ಟು ದಿನ ಹೆಣೆಯುತ್ತೇನೊ" ಎಂಬ ಯೋಚನೆ. ಬಾಗಿಲಲ್ಲಿ ನಿಂತಾಗ ಕಾಲು ಮುಂದಕ್ಕೆ ಹೋಗಲಿಲ್ಲ. ಒಳಗೆ ಹೋಗದಿದ್ದರೆ ನಾನು ಗುಣವಾದವಳು, ಒಳಗೆ ಹೋದರೆ ಮತ್ತೆ ರೋಗಿ ಎಂದು ಮನಸ್ಸು ಲೆಕ್ಕ ಹಾಕಿತು. ಅಲ್ಲಿಂದಲೇ ಹಿಂದಕ್ಕೆ ಬಂದೆ. ಮನೆಯಲ್ಲಿ ಯಜಮಾನರು ಕೇಳಿದಾಗ, "ಎಲ್ಲ ಸರಿಯಾಗಿದೆಯಂತೆ" ಎಂದು ಸುಳ್ಳು ಹೇಳಿದೆ. ಅವರು ದೇವರ ಮುಂದೆ ದೀಪ ಹಚ್ಚಿದರು. ಆ ದೀಪದ ಕಡೆಗೆ ಕಣ್ಣೆತ್ತಿ ನೋಡುವುದು ನನ್ನಿಂದಾಗಲಿಲ್ಲ.

ನವೆಂಬರ್ ಎಂದರೆ ಬ್ಯಾಂಕಿನಲ್ಲಿ ಪಿಂಚಣಿದಾರರ ತಿಂಗಳು. 'ನಾನು ಬದುಕಿದ್ದೇನೆ' ಎಂಬ ಪ್ರಮಾಣಪತ್ರವನ್ನು ಅವರು ವರ್ಷಕ್ಕೊಮ್ಮೆ ಸಲ್ಲಿಸಬೇಕು. 2014ರಿಂದ ಬೆರಳಚ್ಚಿನ ಮೂಲಕ ಸಲ್ಲಿಸುವ ಸೌಕರ್ಯ ಬಂದಿದ್ದರೂ ಅನೇಕ ವೃದ್ಧರು ಕೌಂಟರಿಗೇ ಬರುತ್ತಾರೆ. ಆ ವಾರ ಧಾರವಾಡದ ಕಡೆಯ ಅಜ್ಜನೊಬ್ಬರು ಕೋಲೂರಿಕೊಂಡು ಬಂದು, ಕನ್ನಡದವಳೆಂದು ತಿಳಿದು ನನ್ನೆದುರೇ ಕುಳಿತರು. ಜನ ಬಹಳ, ಒಂದು ಗಂಟೆ ಕಾದಿದ್ದರು. "ಪ್ರತಿ ವರ್ಷ ನಿಮಗೆ ಎಷ್ಟು ತೊಂದರೆ ಅಜ್ಜ" ಎಂದೆ. ಅವರು ನಕ್ಕು, "ತೊಂದರಿ ಏನ್ ಬಂತು ಯವ್ವಾ? ಬದಕಿದಾಂವ ಬದಕೇನಿ ಅಂತ ಬಂದ್ ಹೇಳಾಕ ಅಂಜಿಕಿ ಯಾಕ?" ಎಂದು ಹೇಳಿ, ನಡುಗುವ ಕೈಯಿಂದ ಸಹಿ ಹಾಕಿದರು.

ಆ ಅಜ್ಜನಿಗೆ ನನ್ನ ಸಂಗತಿ ಏನೂ ತಿಳಿಯದು. ಅವರಿಗೆ ರಸೀದಿ ಕೊಟ್ಟು ಕಳಿಸಿದ ಮೇಲೆ ಐದು ನಿಮಿಷ ನನಗೆ ಕೆಲಸ ಮಾಡಲಾಗಲಿಲ್ಲ. ಅಂದು ರಾತ್ರಿ ಯಜಮಾನರಿಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ. "ನಾಳೆ ನಾನೂ ಬರುತ್ತೇನೆ" ಎಂದರು, ಅಷ್ಟೇ.

ಹೋದೆವು. ಆ ಸಲದ ಮ್ಯಾಮೊಗ್ರಾಮಿನಲ್ಲಿ ಏನೋ ಒಂದು ಮಸುಕು ಕಂಡಿತು. ಮತ್ತೆ ಕರೆದರು, ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಕಾದೆವು. ಅದು ಕ್ಯಾನ್ಸರ್ ಆಗಿರಲಿಲ್ಲ, ಹಳೆಯ ಗಾಯದ ಗುರುತು. ಎರಡನೆಯ ಸಲ ಕರೆದರೆಂದ ಮಾತ್ರಕ್ಕೆ ರೋಗ ಮರಳಿತೆಂದಲ್ಲ ಎಂಬುದನ್ನು ಅಂದು ಕಲಿತೆ. ಒಂದು ವೇಳೆ ಕ್ಯಾನ್ಸರೇ ಆಗಿದ್ದರೂ, ಸ್ತನದಲ್ಲಿಯೇ ಇರುವಾಗ ಬೇಗ ಸಿಕ್ಕಿದ್ದಕ್ಕೆ ಗುಣಪಡಿಸುವ ದಾರಿಗಳಿವೆ. ನಾನು ಹೋಗದೆ ಉಳಿದಿದ್ದರೆ ಮಸುಕು ಇಲ್ಲವಾಗುತ್ತಿರಲಿಲ್ಲ, ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಭಯ ಹೋಯಿತೆ ಎಂದು ಕೇಳಿದರೆ, ಇಲ್ಲ. ತಾರೀಖು ಹತ್ತಿರ ಬಂದಂತೆ ಈಗಲೂ ನಿದ್ದೆ ಕೆಡುತ್ತದೆ. ಆದರೆ ಈಗ ಅದನ್ನು ಮನೆಯಲ್ಲಿ ಹೇಳುತ್ತೇನೆ, ಒಬ್ಬಳೇ ಹೋಗುವುದಿಲ್ಲ.

ಕೊನೆಯದಾಗಿ ನಮ್ಮ ಸಂಘದ ಕುಟುಂಬಗಳಿಗೆ ಒಂದು ಅರಿಕೆ. 1941ರಲ್ಲಿ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಂದಿನಿಂದ ನಮ್ಮ ನಾಡಿನ ರೋಗಿಗಳು ಮುಂಬಯಿಗೆ ಬರುತ್ತಿದ್ದಾರೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆದ ಮೇಲೆಯೂ ಬರುವವರು ನಿಂತಿಲ್ಲ. ಊರ ನೆಂಟರು ನಮ್ಮ ಚಿಕ್ಕ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ನಾವೂ ಚಾಪೆ ಹಾಸಿ, ಅನ್ನ ಹಾಕಿ, ಚಿಕಿತ್ಸೆ ಮಾಡಿಸಿ, ರೈಲು ಹತ್ತಿಸುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ಅವರಲ್ಲಿ ಎಷ್ಟೋ ಜನ ದೂರಕ್ಕೆ ಅಂಜಿ, ಖರ್ಚಿಗೆ ಅಂಜಿ, ಮತ್ತೆ ತಪಾಸಣೆಗೆ ಬರುವುದೇ ಇಲ್ಲ. ಪ್ರತಿ ಸಲ ಮುಂಬಯಿಗೇ ಬರಬೇಕಾಗಿಲ್ಲ. ಡಾಕ್ಟರನ್ನು ಕೇಳಿಕೊಂಡು, ಮೈ ಪರೀಕ್ಷೆಯನ್ನೂ ಮ್ಯಾಮೊಗ್ರಾಮನ್ನೂ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಮಾಡಿಸಬಹುದು. ಆದರೆ ಅವರು ಹೊರಡುವ ಮುಂಚೆ ರೋಗದ ಬಗೆ, ಹಂತ, ಶಸ್ತ್ರಚಿಕಿತ್ಸೆಯ ತಾರೀಖು, ಕೊಟ್ಟ ಔಷಧಿಗಳ ಹೆಸರು, ವಿಕಿರಣದ ಪ್ರಮಾಣ, ಮುಂದಿನ ತಪಾಸಣೆಯ ತಾರೀಖು ಇಷ್ಟನ್ನೂ ಬರೆದ ಒಂದು ಸಾರಾಂಶ ಪತ್ರವನ್ನು ಡಾಕ್ಟರಿಂದ ಕೇಳಿ ತೆಗೆದುಕೊಳ್ಳಿ. ಒಂದು ಪ್ರತಿ ಅವರ ಕೈಯಲ್ಲಿರಲಿ, ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಆ ತಾರೀಖು ಬಂದಾಗ ಊರಿಗೆ ಒಂದು ಫೋನು ಮಾಡಿ, "ಹೋಗಿ ಬಂದಿರಾ ಅಕ್ಕ?" ಎಂದು ಕೇಳಿ.

ನವೆಂಬರ್ ಬಂದಿದೆ. ನಾಡಹಬ್ಬದ ಗಡಿಬಿಡಿ ಮುಗಿದ ವಾರದಲ್ಲೇ ನನ್ನ ತಪಾಸಣೆಯ ತಾರೀಖು ಇದೆ. ಫೈಲು ಸಿದ್ಧವಾಗಿದೆ.