ಹಡಗಿಲ್ಲದ ಬಂದರು: ಸಂತೇಬೆನ್ನೂರು ಸೀಮೆಯ ಚರಿತ್ರೆ ಮತ್ತು ಭೂಗೋಳ

ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ಸಂತೇಬೆನ್ನೂರು ಇದೆ. ಪಶ್ಚಿಮದಲ್ಲಿ ಹೊನ್ನಾಳಿಯನ್ನು ಹಾದು ತುಂಗಭದ್ರೆ ಉತ್ತರಕ್ಕೆ ಹರಿಯುತ್ತದೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ಅದನ್ನು ಸೇರುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಮುಖವಾಗಿ, ಜಗಳೂರಿನ ಹೊತ್ತಿಗೆ ಬರದ ನಾಡು. ಅಡಿಕೆ, ಮೆಣಸು ಇಳಿದು ಬರುವ ದಾರಿಗೂ ಜೋಳ, ಹತ್ತಿ ಏರಿ ಹೋಗುವ ದಾರಿಗೂ ಇದೇ ಕೂಡುನೆಲ. ಸಮುದ್ರ ಘಟ್ಟದ ಆಚೆಗಿದ್ದರೂ ಸರಕು ಇಳಿಸುವುದು, ಕೂಡಿಡುವುದು, ಸುಂಕ ಎತ್ತುವುದು ಮುಂತಾದ ಬಂದರಿನ ಕೆಲಸಗಳನ್ನೆಲ್ಲ ಈ ಸೀಮೆಯ ಸಂತೆಗಳೇ ನಡೆಸಿದವು. ಇಂದು ಇಲ್ಲಿ ಬಾಗಿಲು ತೆರೆಯುತ್ತಿರುವ ವಸ್ತುಪ್ರದರ್ಶನಕ್ಕೂ ಬೇರು ಆ ಸಂತೆಗಳಲ್ಲಿಯೇ ಇದೆ.

ಸೀಮೆಯ ನಡುವಿನ ಸೂಳೆಕೆರೆಯನ್ನು ಬಿಟ್ಟರೆ ಉಳಿದ ಕಥೆ ಅರ್ಥವಾಗುವುದಿಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿ ಕಟ್ಟಿದ ಕೆರೆ ಇದು. ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಅದು ತಡೆದಿರುವ ನೀರಿನ ಹರಹನ್ನು ನೋಡಿದವರು ಈ ಲೆಕ್ಕವನ್ನು ಸುಲಭವಾಗಿ ನಂಬರು. ಸ್ವರ್ಗಾವತಿ ಎಂಬ ಪಟ್ಟಣದ ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಿದಳು, ಪಟ್ಟಣದ ನೆಲ ನೀರಿನಡಿ ಸೇರಿತು ಎಂದು ಐತಿಹ್ಯ ಹೇಳುತ್ತದೆ. ಬೇರೆಡೆ ನೀರು ನೋಡಿ ರಾಜಧಾನಿ ಕಟ್ಟಿದರು, ಇಲ್ಲಿ ನೀರಿಗಾಗಿ ರಾಜಧಾನಿಯನ್ನೇ ಮುಳುಗಿಸಿದರು! ಕಥೆಯ ನಿಜ ಹೇಗಾದರೂ ಇರಲಿ, ಕೆರೆಯ ಕೆಳಗಿನ ಗದ್ದೆಗಳು ಆಳುವವರ ಉಗ್ರಾಣ ತುಂಬಿಸಿದ್ದು ದಿಟ.

ವಿಜಯನಗರದ ಕಾಲದಲ್ಲಿ ತಲೆಯೆತ್ತಿದ ಪಾಳೆಯಗಾರರಿಗೆ ಎರಡು ನೆಲೆಗಳಿದ್ದವು: ಗುಡ್ಡದ ಕೋಟೆಯ ಬಸವಾಪಟ್ಟಣ, ಬಯಲಿನ ಪೇಟೆ ಸಂತೇಬೆನ್ನೂರು. ಬಾಲ್ಟಿಕ್ ಕಡಲಿನ ದಂಡೆಯ ತಾಲಿನ್, ಇಂದಿನ ಎಸ್ಟೋನಿಯಾದ ರಾಜಧಾನಿ, ಇದೇ ಬಗೆಯ ಜೋಡಿ ಊರು. ಅಲ್ಲಿ ತೂಂಪೆಯಾ ಗುಡ್ಡದ ಮೇಲೆ ಬಿಷಪ್ ಮತ್ತು ಸರದಾರರು, ಕೆಳಗೆ ಬಂದರಿನ ವರ್ತಕರು. ಕೆಳಗಿನ ಪೇಟೆ 1248ರಲ್ಲೇ ಲ್ಯೂಬೆಕ್ ನಗರದ ಕಾನೂನನ್ನು ಪಡೆದು ತನ್ನ ಆಡಳಿತವನ್ನು ತಾನೇ ನಡೆಸಿತು. ಸಂತೇಬೆನ್ನೂರಿನ ವರ್ತಕರಿಗೆ ಅಂಥ ಸನ್ನದು ಇರಲಿಲ್ಲ. ಗುಡ್ಡದ ದೊರೆ ಬಿದ್ದಾಗ ಪೇಟೆಯೂ ಸೊರಗಿದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಪಾಳೆಯಗಾರ ಕೆಂಗಹನುಮಪ್ಪ ನಾಯಕನ ಹೆಸರಿನೊಂದಿಗೆ ಬೆಸೆದಿರುವ ಪುಷ್ಕರಿಣಿ ಆ ಪೇಟೆಯ ಉಳಿದ ವೈಭವ. ಕಲ್ಲಿನ ಸೋಪಾನಗಳು ನಾಲ್ಕೂ ಕಡೆಯಿಂದ ನೀರಿಗಿಳಿಯುತ್ತವೆ. ನಟ್ಟನಡುವೆ ವಸಂತಮಂಟಪ, ಅದರ ಸುತ್ತ ಚಿಕ್ಕ ಮಂಟಪಗಳು. ಎಂಟಿದ್ದವುಗಳಲ್ಲಿ ಆರು ಉಳಿದಿವೆ. ಕಮಾನು, ಗೋಪುರಗಳಲ್ಲಿ ವಿಜಯನಗರದ ಕೈಯೂ ಸುಲ್ತಾನರ ಕಾಲದ ಕೈಯೂ ಕೂಡಿವೆ. ಹಂಪಿಯ ಕಮಲ ಮಹಲನ್ನು ಹೊಗಳುವವರು ಇದನ್ನು ಕಾಣದೇ ಹೋಗುವುದು ಸರಿಯಲ್ಲ. ಹೊಂಡದ ದಡದ ವಿಶಾಲ ಕಟ್ಟಡವನ್ನು ಜನ ಮುಸಾಫಿರಖಾನೆ ಎನ್ನುತ್ತಾರೆ, ಹಳೆಯ ಗೆಜೆಟಿಯರ್ ಮಸೀದಿ ಎನ್ನುತ್ತದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಕಡೆ ದಂಡೆತ್ತಿ ಬಂದ 17ನೆಯ ಶತಮಾನದಲ್ಲಿ, ರಂಗನಾಥ ಗುಡಿಯನ್ನು ಕೆಡವಿ ಅದನ್ನು ಕಟ್ಟಿಸಲಾಯಿತು ಎಂಬುದು ಅದೇ ಗೆಜೆಟಿಯರಿನ ಮಾತು.

ಆಮೇಲೆ ಈ ಸೀಮೆ ಕೈಯಿಂದ ಕೈಗೆ ದಾಟಿತು. 1671ರಿಂದ ಆಳಿದ ಕೆಳದಿಯ ಚೆನ್ನಮ್ಮಾಜಿಯ ಹೆಸರು ಚನ್ನಗಿರಿಗೆ ನಿಂತಿತು. ಮೊಗಲರು 1687ರಲ್ಲಿ ಸಿರಾ ಪ್ರಾಂತ ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಪಾಳೆಯಗಾರರ ವಂಶ ತರೀಕೆರೆಗೆ ಸರಿಯಿತು; 1830ರ ನಗರ ದಂಗೆಯಲ್ಲಿ ಆ ವಂಶದ ಪಾತ್ರ ದೊಡ್ಡದು.

ವ್ಯಾಪಾರ ಮಾತ್ರ ರಾಜರಿಗಾಗಿ ಕಾಯಲಿಲ್ಲ. ಮಲೆನಾಡಿನ ಸರಕಿಗೂ ಮೈದಾನದ ಧಾನ್ಯಕ್ಕೂ ನ್ಯಾಮತಿ ವಿನಿಮಯದ ಪೇಟೆಯಾಯಿತು. ಹೈದರಾಲಿ ದಾವಣಗೆರೆಯನ್ನು ಜಹಗೀರು ಕೊಟ್ಟ ಮರಾಠ ಸರದಾರ ವರ್ತಕರನ್ನು ಕರೆದು ನೆಲೆಯೂರಿಸಿದ, ಮುಂದೆ ಹತ್ತಿ ಗಿರಣಿಗಳು ಬಂದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚೆಗೆ.

ಭದ್ರಾ ನಾಲೆ ಬಂದ ಮೇಲೆ ಚನ್ನಗಿರಿಯ ಒಣಭೂಮಿಯೂ ಅಡಿಕೆ ತೋಟವಾಗಿದೆ. ಘಟ್ಟದ ಕಡೆಯಿಂದ ಇಳಿದು ಬರುತ್ತಿದ್ದ ಸರಕು ಈಗ ಇಲ್ಲೇ ಬೆಳೆದು, ತುಮ್ಕೋಸ್ ಸಹಕಾರ ಸಂಘದ ಹರಾಜಿನಲ್ಲಿ ಉತ್ತರ ಭಾರತಕ್ಕೆ ಹೊರಡುತ್ತದೆ. ಜಗಳೂರಿನ ಕೆರೆಗಳನ್ನು ತುಂಬಿಸಲು ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನು ಎತ್ತಿ ಕೊಳವೆಯಲ್ಲಿ ಪೂರ್ವಕ್ಕೆ ಒಯ್ಯಲಾಗುತ್ತಿದೆ.