ಹುಲ್ಲಿಗೂ ಬೇಕು ರಜೆ

ಮಕ್ಕಳೇ, ಹಸು ಮೇಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ! ಹುಲ್ಲಿಗೆ ನಾಲಿಗೆ ಸುತ್ತಿ, ಎಳೆದು ಕಿತ್ತುಕೊಳ್ಳುತ್ತದೆ. ಹಾಗಾಗಿ ತೀರಾ ಗಿಡ್ಡ ಹುಲ್ಲು ಅದರ ಬಾಯಿಗೆ ಸಿಗದು. ಕುರಿಗೂ ಮೇಲೆ ಮುಂಹಲ್ಲಿಲ್ಲ. ಆದರೆ ತುಟಿ ತೆಳು, ನಡುವೆ ಸೀಳು. ಅದು ನೆಲಕ್ಕಂಟಿದ ಗರಿಕೆಯನ್ನೂ ಬಿಡುವುದಿಲ್ಲ. ಮೇಕೆಯಂತೂ ಮುಂಗಾಲೆತ್ತಿ ನಿಂತು ಜಾಲಿಸೊಪ್ಪಿಗೂ ಬಾಯಿ ಹಾಕುತ್ತದೆ.

ಇಷ್ಟು ಬಾಯಿಗಳು ಮೇಯ್ದರೂ ಹುಲ್ಲು ಮತ್ತೆ ಚಿಗುರುವುದು ಹೇಗೆ? ಹುಲ್ಲಿನ ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ತುದಿ ಹೋದರೂ ಬುಡ ಹೊಸ ಎಲೆಯನ್ನು ಮೇಲಕ್ಕೆ ತಳ್ಳುತ್ತದೆ. ಆ ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವವರೆಗೆ ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟದ್ದೇ ಗತಿ. ಎಳೆ ಚಿಗುರನ್ನೇ ಮತ್ತೆ ಮತ್ತೆ ಮೇಯ್ದರೆ ಆ ಉಳಿತಾಯ ಕರಗಿ, ಬೇರು ಸೊರಗುತ್ತದೆ. ಮಳೆ ಕೈಕೊಟ್ಟಾಗ ಆಳದ ತೇವ ಅದಕ್ಕೆ ಎಟುಕುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸುತ್ತ ಬಂಡೆಬೆಟ್ಟಗಳೇ ಹೆಚ್ಚು. ಬೆಟ್ಟದ ಇಳಿಜಾರಿನಲ್ಲಿ ಮಣ್ಣು ತೆಳು. ಹುಲ್ಲು ಹೋದ ಕಡೆ ಗೊರಸಿನ ತುಳಿತಕ್ಕೆ ನೆಲ ಗಟ್ಟಿಯಾಗಿ, ನೀರು ಇಂಗದೆ ಹರಿದು, ಮಣ್ಣನ್ನು ಕೆರೆಗೆ ಹೊತ್ತೊಯ್ಯುತ್ತದೆ. ದನ ಮೂಸದ ತಂಗಡಿ, ಲಂಟಾನ ಅಲ್ಲಿ ಜಾಗ ಹಿಡಿಯುತ್ತವೆ. ನೋಡಲು ಹಸಿರು, ಮೇಯಲು ಏನೂ ಇಲ್ಲ.

ಊರ ದನ ಮೇಯಲೆಂದು ಬಿಟ್ಟ ಸರ್ಕಾರಿ ಜಾಗವೇ ಗೋಮಾಳ. ನಮ್ಮ ರಾಜ್ಯದ 1966ರ ಭೂಕಂದಾಯ ನಿಯಮಗಳ ಲೆಕ್ಕದಲ್ಲಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಬೇಕು. ದನ ಹೆಚ್ಚಿದರೂ ಸರಿ, ಗೋಮಾಳ ಒತ್ತುವರಿಯಾದರೂ ಸರಿ, ಏಟು ಹುಲ್ಲಿಗೇ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಸಾಲದು. ದಿನವೂ ಒಂದೇ ಕಡೆ ಬಿಟ್ಟರೆ ಕೆಲವೇ ದನಗಳು ಸಾಕು, ಅಲ್ಲಿನ ಹುಲ್ಲು ಸವೆಯಲು. ಗೋಮಾಳವನ್ನು ನಾಲ್ಕು ಪಾಲು ಮಾಡಿ, ಒಂದರಲ್ಲಿ ಮೇಯಿಸುವಾಗ ಉಳಿದ ಮೂರಕ್ಕೆ ರಜೆ ಕೊಡಬಹುದು. ಮಳೆ ಬಿದ್ದೊಡನೆ ದನ ಬಿಡದೆ, ಹುಲ್ಲು ಚೇತರಿಸಿಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು. ಒಂದು ಪಾಲಿನಲ್ಲಿ ತೆನೆ ಬಲಿತು ಬೀಜ ಉದುರಿದರೆ ಮುಂದಿನ ವರ್ಷದ ಮೇವಿಗೆ ದಾರಿಯಾಯಿತು.

ನೀವೂ ಪರೀಕ್ಷೆ ಮಾಡಿ. ಈ ಮುಂಗಾರಿಗೆ ಮೇಷ್ಟ್ರ ಜೊತೆಗೂಡಿ, ಊರವರನ್ನು ಕೇಳಿ, ದನ ಮೇಯುವ ಕಡೆ ಒಂದು ಮಾರು ಅಗಲದ ಜಾಗಕ್ಕೆ ಮುಳ್ಳುಬೇಲಿ ಹಾಕಿ. ಬೇಲಿಯ ಒಳಗೆ, ಹೊರಗೆ ಹುಲ್ಲು ಎಷ್ಟೆತ್ತರ, ಎಷ್ಟು ಬಗೆ ಎಂದು ವಾರಕ್ಕೊಮ್ಮೆ ಅಳೆದು ಬರೆದಿಡಿ. ದಸರೆಯ ಹೊತ್ತಿಗೆ ಆ ಲೆಕ್ಕವನ್ನು ಊರವರಿಗೂ ತೋರಿಸಿ.